ಗೆದ್ದವನು ಒಬ್ಬ, ಹೊರಟವನು ಇನ್ನೊಬ್ಬ

ಕೇಳುಗರಿಗೆ ನಮಸ್ಕಾರ.

ಕಾರವಾರದಲ್ಲಿ ಐಸ್ ಅಂದರೆ ಬೈತಖೋಲ ಬಂದರಿನಲ್ಲಿ ಬಂಗಡೆ ಬುಟ್ಟಿಯ ಮೇಲೆ ಸುರಿಯುವ ಪುಡಿ ಐಸ್. ಅದರ ಮೇಲೆ ಯಾರೂ ಕುಣಿಯುವುದಿಲ್ಲ. ಅಪ್ಪಿತಪ್ಪಿ ಕಾಲಿಟ್ಟರೆ ಬಯ್ಗುಳ ತಿನ್ನಬೇಕು. ಇಂಥ ಊರಲ್ಲಿ ಕೂತು, ಐಸ್ ಮೇಲೆ ಜಾರುತ್ತಾ ಜಿಗಿದು ಕುಣಿಯುವ ಫಿಗರ್ ಸ್ಕೇಟಿಂಗ್ ಬಗ್ಗೆ ಹದಿನೈದು ನಿಮಿಷ ಮಾತಾಡುತ್ತೇನೆ ಅಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಯಾರು ಕೇಳ್ತಾರೆ?"

ಕೇಳುವವರು ಇದ್ದಾರೆ. ನಾನು ಶಾಲೆಯಲ್ಲಿ ದೈಹಿಕ ಶಿಕ್ಷಣದ ಮಾಸ್ತರನಾಗಿದ್ದವನು. ನಿವೃತ್ತಿಯಾದ ಮೇಲೆ ಭಾನುವಾರ ಬೆಳಗ್ಗೆ ಮಕ್ಕಳಿಗೆ ಗಾಲಿಯ ಸ್ಕೇಟಿಂಗ್ ಹೇಳಿಕೊಡುತ್ತೇನೆ. ಅಭ್ಯಾಸ ಒಂದು ಗಂಟೆ, ಆಮೇಲೆ ಜಗಳ ಎರಡು ಗಂಟೆ. ಜಗಳ ಯಾವುದರ ಬಗ್ಗೆ ಅಂದರೆ, ಮೊಬೈಲಿನಲ್ಲಿ ನೋಡಿದ ಐಸ್ ಮೇಲಿನ ಸ್ಕೇಟಿಂಗ್ ಬಗ್ಗೆ. ಅದರಲ್ಲೂ ಗಂಡಸರ ಸ್ಪರ್ಧೆ ಬಗ್ಗೆ. ಯಾರಿಗೆ ಅಂಕ ಜಾಸ್ತಿ ಕೊಟ್ಟರು, ಯಾರನ್ನು ದೇಶದ ತಂಡದಿಂದ ಬಿಟ್ಟರು, ಯಾವ ಜಡ್ಜು ಕುರುಡ. ತಾಳಮದ್ದಳೆಯ ಅರ್ಥಧಾರಿಗಳು ಬಂದು ಕೂತರೂ ಈ ಮಕ್ಕಳ ಮುಂದೆ ಬೆವರಬೇಕು. ಅವರ ಮನೆಯವರು ಪಕ್ಕದಲ್ಲಿ ನಿಂತು, ಏನೂ ತಿಳಿಯದೆ, "ಸರ್, ಇದೇನು ಇಷ್ಟೊಂದು?" ಎಂದು ಕೇಳುತ್ತಾರೆ. ಇವತ್ತು ನಾನು ಮಾತಾಡುತ್ತಿರುವುದು ಆ ಮನೆಯವರ ಹತ್ತಿರ. ಮಕ್ಕಳೂ ಕೇಳಲಿ. ಅವರಿಗೂ ನಾಲ್ಕು ಮಾತು ಹೇಳುವುದಿದೆ.

ಹೇಳಬೇಕಾದ್ದು ಒಂದೇ. ಇವತ್ತು ಗೆದ್ದವನು ಯಾರು, ಇದು ಒಂದು ಪ್ರಶ್ನೆ. ನಾಳೆ ಯಾರನ್ನು ಕಳಿಸಬೇಕು, ಇದು ಇನ್ನೊಂದು ಪ್ರಶ್ನೆ. ಇವೆರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಬೇಡಿ. ಕಲಸಿದ್ದರಿಂದಲೇ ನಮ್ಮ ಭಾನುವಾರಗಳು ಹಾಳಾಗುತ್ತಿವೆ.

ಮೊದಲ ಪ್ರಶ್ನೆ ಬೇಗ ಮುಗಿಸೋಣ. ಗೆದ್ದವನು ಯಾರು ಅಂತ ತಿಳಿಯೋದು ಹೇಗೆ?

ಸ್ಪರ್ಧೆ ಎರಡು ದಿನದ್ದು. ಮೊದಲು ಶಾರ್ಟ್ ಪ್ರೋಗ್ರಾಂ, ಎರಡು ನಿಮಿಷ ನಲವತ್ತು ಸೆಕೆಂಡಿನ ಆಸುಪಾಸು. ಆಮೇಲೆ ಫ್ರೀ ಸ್ಕೇಟ್, ನಾಲ್ಕು ನಿಮಿಷ. ಎರಡರ ಅಂಕ ಕೂಡಿಸುತ್ತಾರೆ, ಅಷ್ಟೆ. ಪ್ರತಿ ಜಿಗಿತಕ್ಕೂ ಮೊದಲೇ ಬರೆದಿಟ್ಟ ಬೆಲೆ ಇದೆ. ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತುವ ಜಿಗಿತಕ್ಕೆ ಕ್ವಾಡ್ ಅನ್ನುತ್ತಾರೆ. ಲುಟ್ಸ್ ಅಂತ ಒಂದು ಜಿಗಿತವಿದೆ. 2018ರ ಬಳಿಕದ ಪಟ್ಟಿಯಲ್ಲಿ ಕ್ವಾಡ್ ಲುಟ್ಸ್‌ಗೆ 11.50. ಮೂರು ಸುತ್ತಿನದಕ್ಕೆ 5.90. ಒಂದೇ ಸುತ್ತಿನದಕ್ಕೆ 0.60. ಈ ಬೆಲೆಯ ಮೇಲೆ ಒಂಬತ್ತು ಜಡ್ಜುಗಳು ಚಂದ ನೋಡಿ ಕೂಡಿಸುತ್ತಾರೆ, ಕಳೆಯುತ್ತಾರೆ.

ಈಗ ಮನೆಯವರು ಸದಾ ಕೇಳುವ ಪ್ರಶ್ನೆ: "ಅಲ್ಲ ಸರ್, ಬಿದ್ದವನಿಗೆ ಜಾಸ್ತಿ ಅಂಕ, ಬೀಳದವನಿಗೆ ಕಡಿಮೆ. ಇದ್ಯಾವ ನ್ಯಾಯ?" ಲೆಕ್ಕ ಹಾಕಿ. ಒಬ್ಬ ಕ್ವಾಡ್ ಲುಟ್ಸ್‌ನ ನಾಲ್ಕೂ ಸುತ್ತು ಪೂರ್ತಿ ಸುತ್ತಿ ಇಳಿಯುವಾಗ ಬಿದ್ದ. ಜಡ್ಜುಗಳು ಬೆಲೆಯ ಅರ್ಧ ಕತ್ತರಿಸಿದರು, ಉಳಿದದ್ದು 5.75. ಬಿದ್ದದ್ದಕ್ಕೆ ಇನ್ನೊಂದು ಅಂಕ ದಂಡ. ಕೈಗೆ ಸಿಕ್ಕಿದ್ದು 4.75. ಇನ್ನೊಬ್ಬ ಹೆದರಿ ಗಾಳಿಯಲ್ಲೇ ಸುತ್ತು ನಿಲ್ಲಿಸಿಬಿಟ್ಟ, ಒಂದೇ ಸುತ್ತು ಹಾಕಿ ಚಂದವಾಗಿ ಇಳಿದ. ಅವನಿಗೆ ಸುಮಾರು 0.60. ಚಪ್ಪಾಳೆ ಯಾರಿಗೆ ಬಿತ್ತು ಅನ್ನೋದು ಅಂಕಪಟ್ಟಿಯಲ್ಲಿ ಬರುವುದಿಲ್ಲ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಜುರು ಹಾನ್ಯು ಫ್ರೀ ಸ್ಕೇಟ್‌ನಲ್ಲಿ ಎರಡು ಸಲ ಬಿದ್ದ. ಆದರೂ 280.09 ಅಂಕ, ಚಿನ್ನ ಅವನಿಗೇ. ಶಾರ್ಟ್ ಪ್ರೋಗ್ರಾಂನಲ್ಲೇ 101.45 ಮಾಡಿಟ್ಟುಕೊಂಡಿದ್ದನಲ್ಲ.

ಜಿಗಿತ ಒಂದೇ ಆಟವಲ್ಲ ಅನ್ನೋದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದಲ್ಲಿ ವೇಷಧಾರಿ ಎಷ್ಟು ಮಂಡಿ ಹಾಕಿದ ಎಂದು ಬೆರಳು ಮಡಚಿ ಎಣಿಸುವವರು ಎದುರಿನ ಸಾಲಿನಲ್ಲಿ ಇರುತ್ತಾರೆ. ಹೆಜ್ಜೆ, ಅಭಿನಯ, ತಾಳದ ಹಿಡಿತ ನೋಡುವವರು ಹಿಂದೆ ಕಂಬಕ್ಕೆ ಒರಗಿ ಕೂತಿರುತ್ತಾರೆ. ಇಲ್ಲೂ ಹಾಗೆಯೇ ಎರಡು ಪಂಗಡ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಇವಾನ್ ಲೈಸಾಚೆಕ್ ಒಂದೂ ಕ್ವಾಡ್ ಹಾಕಲಿಲ್ಲ. ರಷ್ಯಾದ ಯೆವ್ಗೆನಿ ಪ್ಲುಶೆಂಕೋ ಹಾಕಿದ. ಲೈಸಾಚೆಕ್‌ಗೆ 257.67, ಪ್ಲುಶೆಂಕೋಗೆ 256.36. ಅಂತರ 1.31. ಆ ಒಂದು ಚಿಲ್ಲರೆ ಅಂಕದ ಜಗಳ ಇವತ್ತಿಗೂ ಮುಗಿದಿಲ್ಲ. ಆಗ ಹುಟ್ಟಿಯೇ ಇರದಿದ್ದ ಮಕ್ಕಳು ನನ್ನ ಎದುರು ಅದರ ಬಗ್ಗೆ ಅಳುವ ದನಿಯಲ್ಲಿ ವಾದಿಸುತ್ತಾರೆ.

ಆದರೂ ಮೊದಲ ಪ್ರಶ್ನೆಗೆ ಉತ್ತರ ಇದೆ. ಹಾಳೆ ಇದೆ, ಅಂಕ ಇದೆ, ಕೂಡಿಸಿದರೆ ಮುಗಿಯಿತು. ಎರಡನೆಯ ಪ್ರಶ್ನೆಗೆ ಹಾಳೆ ಇಲ್ಲ. ತಲೆನೋವು ಅಲ್ಲಿಂದ ಶುರು.

ಆಗಸ್ಟ್ ಬಂತು, ಮೀನುಗಾರಿಕೆಯ ನಿಷೇಧ ಮುಗಿಯಿತು, ದೋಣಿ ನೀರಿಗಿಳಿಸಬೇಕು ಅಂದುಕೊಳ್ಳಿ. ದೋಣಿಯನ್ನು ಯಾವ ತಾಂಡೇಲನ ಕೈಗೆ ಕೊಡುತ್ತೀರಿ? ಕಳೆದ ಸಲ ಕೊನೆಯ ದಿನ ಒಂದು ಬಲೆ ತುಂಬ ಮೀನು ತಂದವನಿಗೋ, ಇಡೀ ವರ್ಷ ಮಳೆ ಗಾಳಿ ನೋಡಿಕೊಂಡು ದೋಣಿ ಸುರಕ್ಷಿತವಾಗಿ ತಂದವನಿಗೋ? ನೀವೇ ಹೇಳಿ. ಕೊನೆಯ ದಿನದವನಿಗೆ ಕೊಡಬಾರದು ಎಂದಲ್ಲ. ಅವನಿಗೇ ಕೊಡಿ ಬೇಕಾದರೆ. ಆದರೆ ಅದನ್ನು ಕೊನೆಯ ದಿನಕ್ಕೆ ಮೊದಲೇ ಹೇಳಿರಬೇಕು.

ಇದಕ್ಕೊಂದು ಕತೆ ಇದೆ. ನಾನು ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೆ ಅಂದರೆ, ನಾನು ಬಾಯಿ ತೆರೆದ ಕೂಡಲೇ ಮಕ್ಕಳು ಶೂ ಬಿಚ್ಚಲು ಶುರು ಮಾಡುತ್ತಾರೆ. ನೀವು ರೇಡಿಯೋ ಬಂದ್ ಮಾಡಬೇಡಿ.

ಅದೇ ಸೋಚಿ, ಅದೇ 2014. ಒಲಿಂಪಿಕ್ಸ್ ನಡೆಯುವುದು ರಷ್ಯಾದಲ್ಲೇ. ಸ್ಕೇಟಿಂಗ್ ಅಂದರೆ ಪ್ರಾಣ ಬಿಡುವ ದೇಶ. ಆದರೆ ಗಂಡಸರ ವಿಭಾಗದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಜಾಗ. ಯಾಕೆ ಒಂದೇ? ಒಂದು ದೇಶಕ್ಕೆ ಹೆಚ್ಚೆಂದರೆ ಮೂರು ಜಾಗ. ಎಷ್ಟು ಸಿಗುತ್ತದೆ ಅನ್ನೋದು ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆ ದೇಶದವರು ಎಷ್ಟನೆಯವರಾಗಿ ಬಂದರು ಎಂಬುದರ ಮೇಲೆ. 2013ರಲ್ಲಿ ಮಾಕ್ಸಿಂ ಕೋವ್ತುನ್ ಅನ್ನುವ ಹುಡುಗ ಹೋಗಿ 17ನೆಯವನಾಗಿ ಬಂದ. ಹಾಗಾಗಿ ಒಂದೇ ಜಾಗ.

ಡಿಸೆಂಬರ್‌ನಲ್ಲಿ ರಷ್ಯಾದ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಅದೂ ಸೋಚಿಯಲ್ಲೇ. ಗೆದ್ದವನು ಯಾರು? ಅದೇ ಕೋವ್ತುನ್. ಹದಿನೆಂಟು ವರ್ಷದ ಹುಡುಗ. ಎರಡನೆಯವನು ಯಾರು? ಪ್ಲುಶೆಂಕೋ. 31 ವರ್ಷ, ಬೆನ್ನಿನ ಶಸ್ತ್ರಚಿಕಿತ್ಸೆ ಆಗಿ ಒಂದು ವರ್ಷವೂ ಕಳೆದಿಲ್ಲ. ಆದರೆ ಹೆಸರು ಎಂಥದ್ದು! 2002ರಲ್ಲಿ ಬೆಳ್ಳಿ, 2006ರಲ್ಲಿ ಚಿನ್ನ, 2010ರಲ್ಲಿ ಆಗಲೇ ಹೇಳಿದ ಆ ಬೆಳ್ಳಿ. ಹುಡುಗ ಗೆದ್ದಿದ್ದಾನೆ, ಹಿರಿಯ ಸೋತಿದ್ದಾನೆ, ಜಾಗ ಒಂದೇ. ಎಲ್ಲರೂ ಅಂದುಕೊಂಡರು, ಆಯ್ತು, ಹುಡುಗ ಹೋಗುತ್ತಾನೆ.

ಜನವರಿಯಲ್ಲಿ ಬುಡಾಪೆಸ್ಟ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್. ಹುಡುಗ ಹೋದ. ಐದನೆಯವನಾದ. ಅದಕ್ಕಿಂತ ಕೆಟ್ಟದ್ದು, ಅವನದೇ ದೇಶದ ಇನ್ನಿಬ್ಬರು, ವೊರೊನೊವ್ ಮತ್ತು ಮೆನ್ಶೊವ್, ಬೆಳ್ಳಿ ಕಂಚು ತಂದರು. ಪ್ಲುಶೆಂಕೋ ಅಲ್ಲಿಗೆ ಹೋಗಲೇ ಇಲ್ಲ. ಬದಲಿಗೆ ರಷ್ಯಾದಲ್ಲೇ ಬಾಗಿಲು ಹಾಕಿ, ಅಧಿಕಾರಿಗಳ ಎದುರು ಮಾತ್ರ, ಒಂದು ಪರೀಕ್ಷೆ ಮಾಡಿದರು. ಪ್ಲುಶೆಂಕೋ ಸ್ಕೇಟ್ ಮಾಡಿ ತೋರಿಸಿದ. ಪ್ಲುಶೆಂಕೋ ಹೊರಟ. ರಾಷ್ಟ್ರೀಯ ಚಾಂಪಿಯನ್ ಮನೆಯಲ್ಲಿ ಉಳಿದ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಸೋಚಿಯಲ್ಲಿ ಮೊದಲ ಬಾರಿಗೆ ತಂಡದ ಸ್ಪರ್ಧೆ ಇಟ್ಟಿದ್ದರು. ಪ್ಲುಶೆಂಕೋ ಅದರಲ್ಲಿ ಶಾರ್ಟ್ ಪ್ರೋಗ್ರಾಂ ಮಾಡಿದ, ಹಾನ್ಯು ಬಿಟ್ಟರೆ ಅವನೇ. ಫ್ರೀ ಸ್ಕೇಟ್ ಮಾಡಿದ, ಮೊದಲನೆಯವನು. ರಷ್ಯಾಕ್ಕೆ ಚಿನ್ನ. ಊರೆಲ್ಲ ಹಬ್ಬ. "ನೋಡಿದ್ರಾ? ಹಿರಿಯನನ್ನು ಕಳಿಸಿದ್ದು ಸರಿಯಾಯ್ತು!" ಅಂದರು ಜನ.

ನಾಲ್ಕು ದಿನ ಕಳೆಯಿತು. ಫೆಬ್ರವರಿ 13. ಗಂಡಸರ ಒಂಟಿ ಸ್ಪರ್ಧೆ. ಸ್ಟೇಡಿಯಂ ತುಂಬ ಜನ, ಎಲ್ಲರೂ ಅವನೊಬ್ಬನಿಗಾಗಿ ಬಂದವರು. ಅಭ್ಯಾಸದ ಆರು ನಿಮಿಷಕ್ಕೆ ಇಳಿದ. ಒಂದು ಜಿಗಿತ ಜಿಗಿದ, ಇಳಿದದ್ದು ಸರಿ ಆಗಲಿಲ್ಲ. ಬೆನ್ನಿಗೆ ಕೈ ಹೋಯಿತು. ಅತ್ತ ಇತ್ತ ಓಡಾಡಿದ, ಮತ್ತೆ ಬೆನ್ನು ಹಿಡಿದ. ಹೆಸರು ಕರೆದರು. ಅವನು ನೇರ ರೆಫರಿಯ ಹತ್ತಿರ ಹೋಗಿ, ಆಗುವುದಿಲ್ಲ ಎಂದ. ಪ್ರೇಕ್ಷಕರಿಗೆ ಕೈ ಬೀಸಿದ, ಹೊರಟುಹೋದ. ಆ ಹೊತ್ತಿನಲ್ಲಿ ಬದಲಿ ಯಾರನ್ನೂ ಇಳಿಸುವಂತಿಲ್ಲ. ಒಲಿಂಪಿಕ್ಸ್ ತಮ್ಮ ಮನೆಯಲ್ಲಿ, ಗಂಡಸರ ಸ್ಪರ್ಧೆಯಲ್ಲಿ ತಮ್ಮವನು ಒಬ್ಬನೂ ಇಲ್ಲ. ಮದುವೆ ಮನೆಯಲ್ಲಿ ಮದುಮಗನೇ ಎದ್ದುಹೋದ ಹಾಗೆ.

ಆ ಸಂಜೆ ಅದೇ ಜನ ಹೇಳಿದ್ದು: "ನೋಡಿದ್ರಾ? ಹುಡುಗನನ್ನು ಕಳಿಸಬೇಕಿತ್ತು!"

ನೋಡಿ, ನನಗೆ ಸಿಟ್ಟು ಬರುವುದು ಇಲ್ಲಿಯೇ. ಭಾನುವಾರ ಸರಿ ಇದ್ದ ಆಯ್ಕೆ ಗುರುವಾರ ತಪ್ಪಾಗುವುದು ಹೇಗೆ? ಆಯ್ಕೆ ಅದೇ, ಆಯ್ದವರು ಅವರೇ. ಆಮೇಲೆ ಏನಾಯ್ತು ಅನ್ನೋದನ್ನು ಹಿಡಿದುಕೊಂಡು ಆಯ್ಕೆಯನ್ನು ಅಳೆಯುವುದು ಸುಲಭ. ಅಡಿಕೆ ದರ ಬಿದ್ದ ಮೇಲೆ "ಹೋದ ತಿಂಗಳೇ ಮಾರಬೇಕಿತ್ತು" ಎಂದು ಶಿರಸಿ ಮಾರುಕಟ್ಟೆಯಲ್ಲಿ ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಹೋದ ತಿಂಗಳು ಅವರು ಎಲ್ಲಿದ್ದರು?

ಪ್ಲುಶೆಂಕೋನನ್ನು ಕಳಿಸಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ತಂಡದ ಚಿನ್ನ ಬಂತಲ್ಲ, ಅದೇನು ಸುಮ್ನೆ ಬಂತಾ? ನನ್ನ ತಕರಾರು ಆ ಮುಚ್ಚಿದ ಬಾಗಿಲಿನ ಮೇಲೆ. ರಾಷ್ಟ್ರೀಯ ಸ್ಪರ್ಧೆಗೆ ಮೊದಲೇ ಹೇಳಬಹುದಿತ್ತು: ಇಲ್ಲಿ ಗೆದ್ದ ಮಾತ್ರಕ್ಕೆ ಟಿಕೆಟ್ ಇಲ್ಲ, ಇಂತಿಂಥದ್ದನ್ನು ನೋಡುತ್ತೇವೆ, ಇಂಥ ದಿನ ಪರೀಕ್ಷೆ. ಹೇಳಿ ಮಾಡಿದ್ದರೆ ಹುಡುಗನಿಗೂ ಗೊತ್ತಿರುತ್ತಿತ್ತು. ಗೆದ್ದವನು ಯಾರು, ಕಳಿಸುವುದು ಯಾರನ್ನು. ಎರಡು ಪ್ರಶ್ನೆ. ಎರಡಕ್ಕೂ ಲೆಕ್ಕ ಮೊದಲೇ ಗೋಡೆಗೆ ಅಂಟಿಸಿರಬೇಕು.

ಅಯ್ಯೋ, ಪ್ಲುಶೆಂಕೋ ನನ್ನ ಅರ್ಧ ಸಮಯ ತಿಂದುಬಿಟ್ಟ. ಕಾಗದದಲ್ಲಿ ಬರೆದುಕೊಂಡ ಉಳಿದವರನ್ನು ಓಡಿಸಿಕೊಂಡು ಹೋಗುತ್ತೇನೆ.

ಅಮೆರಿಕ, ಜನವರಿ 2018. ರಾಷ್ಟ್ರೀಯ ಸ್ಪರ್ಧೆಯಲ್ಲಿ ನೇಥನ್ ಚೆನ್ ಮೊದಲನೆಯವನು, ರಾಸ್ ಮೈನರ್ ಎರಡನೆಯವನು, ವಿನ್ಸೆಂಟ್ ಝೌ ಮೂರನೆಯವನು, ಆಡಮ್ ರಿಪ್ಪನ್ ನಾಲ್ಕನೆಯವನು. ಜಾಗ ಮೂರು. ಒಂದು, ಎರಡು, ಮೂರು ಎಂದು ಎಣಿಸಿ ಕಳಿಸುತ್ತಾರೆ ಅಂದುಕೊಂಡಿರಾ? ಹೋದವರು ಚೆನ್, ಝೌ, ರಿಪ್ಪನ್. ಬೆಳ್ಳಿ ಗೆದ್ದ ಮೈನರ್ ಮನೆಯಲ್ಲಿ. ಪಾಪ ಅನ್ನಿಸುತ್ತದೆ. ಜೀವಮಾನದ ಸ್ಕೇಟ್ ಮಾಡಿದ್ದ ಅವನು. ರಿಪ್ಪನ್ ಅವತ್ತು ಕ್ವಾಡ್‌ನಲ್ಲಿ ಬಿದ್ದು, ಇನ್ನೆರಡು ಜಿಗಿತಗಳನ್ನು ಒಂದು ಸುತ್ತಿಗೇ ಮುಗಿಸಿದ್ದ. ಆದರೆ ಅಲ್ಲಿ ನಿಯಮ ಮೊದಲೇ ಇತ್ತು: ಒಂದು ದಿನ ನೋಡುವುದಿಲ್ಲ, ಹಿಂದಿನ ದೊಡ್ಡ ಸ್ಪರ್ಧೆಗಳನ್ನೆಲ್ಲ ನೋಡುತ್ತೇವೆ. ರಿಪ್ಪನ್ ಆ ಋತುವಿನಲ್ಲಿ ಗ್ರ್ಯಾನ್ ಪ್ರಿ ಅನ್ನುವ ಅಂತರರಾಷ್ಟ್ರೀಯ ಸರಣಿಯ ಸ್ಪರ್ಧೆಗಳಲ್ಲಿ ಎರಡು ಬೆಳ್ಳಿ ಗೆದ್ದು ಫೈನಲ್ ತನಕ ಹೋಗಿದ್ದ. ನಮ್ಮ ಭಾನುವಾರದ ಗುಂಪಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೈನರ್ ಪರ. ಅವನು ಕ್ವೀನ್ ಬ್ಯಾಂಡಿನ ಹಾಡುಗಳಿಗೆ ಮಾಡಿದ ಆ ಸ್ಕೇಟ್ ಅನ್ನು ಅವಳು ನನಗೆ ಆರು ಸಲ ತೋರಿಸಿದ್ದಾಳೆ. ಚಂದವಿದೆ, ಒಪ್ಪಿದೆ. ಆದರೂ ನೀನು ಕೇಳುತ್ತಿರುವುದು ಮೊದಲ ಪ್ರಶ್ನೆ ಮಗಾ, ಅವರು ಉತ್ತರಿಸಿದ್ದು ಎರಡನೆಯದಕ್ಕೆ.

ಇನ್ನು ಹಾನ್ಯು. ಅದೇ ವರ್ಷದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಮೊದಲು, ನವೆಂಬರ್‌ನಲ್ಲಿ ಅವನ ಪಾದದ ಕೀಲಿಗೆ ಪೆಟ್ಟಾಯಿತು. ಜಪಾನಿನ ರಾಷ್ಟ್ರೀಯ ಸ್ಪರ್ಧೆಗೆ ಅವನು ಇಳಿಯಲೇ ಇಲ್ಲ. ಗೆಲ್ಲುವ ಮಾತು ಹಾಗಿರಲಿ, ಸ್ಪರ್ಧೆಯಲ್ಲೇ ಇಲ್ಲದವನನ್ನು ತಂಡಕ್ಕೆ ತೆಗೆದುಕೊಂಡರು. ಹೋಗಿ 317.85 ಅಂಕ ಮಾಡಿ ಚಿನ್ನ ತಂದ. ಗಂಡಸರಲ್ಲಿ ಸತತ ಎರಡು ಒಲಿಂಪಿಕ್ ಚಿನ್ನ, 1948 ಮತ್ತು 1952ರ ಡಿಕ್ ಬಟನ್ ಬಳಿಕ ಅವನೇ. ಅವತ್ತು ಜಪಾನಿನಲ್ಲಿ "ರಾಷ್ಟ್ರೀಯ ಸ್ಪರ್ಧೆ ಆಡದವನು ಯಾಕೆ?" ಎಂದು ಕೇಳುವ ಧೈರ್ಯ ಯಾರಿಗಿತ್ತು?

ಆದರೆ ಇದನ್ನು ಕೇಳಿ "ಹಾಗಾದರೆ ಹೆಸರಿದ್ದವರನ್ನೇ ಕಳಿಸಲಿ" ಅನ್ನಬೇಡಿ. 2022ರಲ್ಲಿ ಅಮೆರಿಕ 17 ವರ್ಷದ ಇಲಿಯಾ ಮಲಿನಿನ್‌ನನ್ನು ಬಿಟ್ಟಿತು. ರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡನೆಯವನು. ನಾಲ್ಕನೆಯವನಾದ ಜೇಸನ್ ಬ್ರೌನ್ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ, ಆರನೆಯವನಾಗಿ ಬಂದ, ಅದೇನೂ ಕೆಟ್ಟದ್ದಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಮಲಿನಿನ್ ಕ್ವಾಡ್ ಆಕ್ಸೆಲ್ ಅನ್ನುವ ನಾಲ್ಕೂವರೆ ಸುತ್ತಿನ ಜಿಗಿತ ಹಾಕಿದ. ಸ್ಪರ್ಧೆಯಲ್ಲಿ ಅದನ್ನು ಹಾಕಿ ನಿಂತವರಲ್ಲಿ ಜಗತ್ತಿನಲ್ಲೇ ಮೊದಲನೆಯವನು. 2024, 2025 ಎರಡೂ ವರ್ಷ ವಿಶ್ವ ಚಾಂಪಿಯನ್. ಗುಂಪಿನ ಹುಡುಗರು ಇದನ್ನೇ ಹಿಡಿದು ನನ್ನ ಬಾಯಿ ಮುಚ್ಚಿಸಲು ನೋಡುತ್ತಾರೆ. ನನ್ನ ಬಾಯಿ ಮುಚ್ಚುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಆದದ್ದು ಜನವರಿಯಲ್ಲಿ ಕೂತವರಿಗೆ ಕಾಣುತ್ತಿತ್ತಾ?

ಇಷ್ಟು ಜೋರಾಗಿ ಮಾತಾಡುವ ನಾನೂ ಒಮ್ಮೆ ಎಡವಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ. ಜಿಲ್ಲಾ ಮಟ್ಟಕ್ಕೆ ಉದ್ದ ಜಿಗಿತಕ್ಕೆ ಒಬ್ಬ ಹುಡುಗನನ್ನು ಕಳಿಸಬೇಕಿತ್ತು. ಶಾಲೆಯಲ್ಲಿ ಸ್ಪರ್ಧೆ ಇಟ್ಟೆ. ಬರಿಗಾಲಿನ ಹುಡುಗನೊಬ್ಬ, ಅಭ್ಯಾಸಕ್ಕೆ ವಾರಕ್ಕೊಮ್ಮೆಯೂ ಬಾರದವನು, ಎಲ್ಲರಿಗಿಂತ ಒಂದು ಗೇಣು ಉದ್ದ ಜಿಗಿದ. ನಾನು ಕಳಿಸಿದ್ದು ವರ್ಷವಿಡೀ ಬಂದ ಇನ್ನೊಬ್ಬನನ್ನು. ಆಯ್ಕೆ ಸರಿಯೇ ಇತ್ತು, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಸ್ಪರ್ಧೆ ಇಡುವಾಗ ನಾನು ಏನು ಹೇಳಿದ್ದೆ? "ಗೆದ್ದವನು ಜಿಲ್ಲೆಗೆ" ಎಂದಿದ್ದೆ. ಹುಡುಗರನ್ನು ಹುರಿದುಂಬಿಸಲು ಬಾಯಿಗೆ ಬಂದದ್ದು ಹೇಳಿದ್ದೆ. ಆ ಹುಡುಗನ ತಂದೆ ಮೀನು ಪೇಟೆಯಲ್ಲಿ ಎದುರಾದಾಗ ಬಯ್ಯಲಿಲ್ಲ, ಜಗಳ ಮಾಡಲಿಲ್ಲ. "ಮಾಸ್ತರೇ, ಇವನನ್ನು ಕಳಿಸುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಅವತ್ತು ನನ್ನ ಜೊತೆ ದೋಣಿಗೆ ಬರ್ತಿದ್ದ" ಅಂದರು. ಅಷ್ಟೇ ಅಂದದ್ದು. ನಾನು ಅವತ್ತು ಮೀನು ತೆಗೆದುಕೊಳ್ಳದೆ ಮನೆಗೆ ಬಂದೆ.

ಕೊನೆಗೊಂದು ಪ್ರಶ್ನೆ ಮನೆಯವರಿಂದ ಬರುತ್ತಲೇ ಇರುತ್ತದೆ: "ನಮ್ಮ ಮಕ್ಕಳು ಐಸ್ ಮೇಲೆ ಆಡುವುದು ಯಾವಾಗ ಸರ್?" ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಕಟ್ಟಿದ ಒಳಾಂಗಣ ಐಸ್ ರಿಂಕ್ ಇದೆ. ಕಾರವಾರದಿಂದ ರೈಲು ಹತ್ತಿದರೆ ಎಷ್ಟು ದಿನ ಎಂದು ನೀವೇ ಲೆಕ್ಕ ಹಾಕಿ. ಸದ್ಯಕ್ಕೆ ನಮಗೆ ಸಿಮೆಂಟಿನ ನೆಲ ಸಾಕು. ಅದರ ಮೇಲೆ ಒಂದು ಸುತ್ತು ನೆಟ್ಟಗೆ ಸುತ್ತಿ ನಿಲ್ಲಲಿ, ಆಮೇಲೆ ನೋಡೋಣ.

ಮುಂದಿನ ತಿಂಗಳು ನಮ್ಮ ಗುಂಪಿನಿಂದ ನಾಲ್ವರನ್ನು ಹುಬ್ಬಳ್ಳಿಗೆ ಒಂದು ಸ್ಪರ್ಧೆಗೆ ಕರೆದುಕೊಂಡು ಹೋಗುವುದಿದೆ. ಯಾವ ನಾಲ್ವರು ಅಂತ ಈಗಲೇ ಫೋನ್ ಮಾಡಿ ಕೇಳುತ್ತಿದ್ದಾರೆ. ಯಾವುದನ್ನೆಲ್ಲ ನೋಡಿ ಆಯ್ಕೆ ಮಾಡುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದು ಈ ಭಾನುವಾರ ಗೇಟಿಗೆ ಅಂಟಿಸುತ್ತೇನೆ. ಹಾಜರಿಗೂ ಅಂಕ ಇದೆ, ಗೊತ್ತಿರಲಿ. ಬೆಳಗ್ಗೆ ಆರೂವರೆಗೆ ಬನ್ನಿ. ಹೆಲ್ಮೆಟ್ ಮರೆಯಬೇಡಿ, ಹೋದ ವಾರ ಮೂವರು ಮರೆತು ಬಂದು ಸುಮ್ಮನೆ ಕಟ್ಟೆಯ ಮೇಲೆ ಕೂತಿದ್ದರು.

ನಮಸ್ಕಾರ.